ಎಡಗಡೆಯ ಗಾಜು

ನನ್ನ ಕಾರಿನ ಎಡಗಡೆಯ ಸೀಟಿನ ಮುಂದೆ ಹಾಸಿರುವ ರಬ್ಬರ್ ಮ್ಯಾಟಿನಲ್ಲಿ ಒಂದು ತೂತು ಬಿದ್ದಿದೆ. ಬಲಗಾಲಿನ ಮುಂಗಾಲು ಊರುವ ಜಾಗ ಅದು. ಅಲ್ಲಿ ಬ್ರೇಕೂ ಇಲ್ಲ, ಏನೂ ಇಲ್ಲ, ಕೆಳಗೆ ಬರೀ ತಗಡು. ನನ್ನ ಕಾಕಾ ಆ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ರಬ್ಬರನ್ನು ಸವೆಸಿಬಿಟ್ಟಿದ್ದರು. ಗಾಡಿ ತೊಳೆಯಲು ಕೊಟ್ಟಾಗಲೆಲ್ಲ "ಮ್ಯಾಟ್ ಹರದೈತ್ರಿ, ಹೊಸಾದು ಹಾಕಲೇನ್ರಿ?" ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ.

ಕಾಕಾ ಅಂದರೆ ಅಪ್ಪನ ತಮ್ಮ. ಮೂಡಲಗಿ ಬಜಾರದಲ್ಲಿ ನಮ್ಮದು ಪೈಪು, ಮೋಟಾರಿನ ಅಂಗಡಿ. ವ್ಯಾಪಾರ ಅಪ್ಪನದು, ಗಿರಾಕಿಗಳ ಜೊತೆ ಹರಟೆ ಕಾಕಾನದು. ಉದ್ದನೆಯ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಅಡಿಕೆ ಡಬ್ಬಿ. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಕಾಕಾ ಬಸದಿಗೆ ಹೋಗುವುದನ್ನು ಮರೆತಾರು, ಊಟದ ಹೊತ್ತನ್ನು ಮರೆಯುವ ಜನ ಅಲ್ಲ. ಲಗ್ನವಾಗಿರಲಿಲ್ಲ. ಯಾಕೆ ಅಂತ ಕೇಳಿದರೆ "ನನ್ನ ಕಟಗೊಂಡ ಯಾಕ ಅಕಿ ಕೆಡಬೇಕು?" ಅಂದು ನಗುತ್ತಿದ್ದರು.

ಇಂಥ ನಗೆಗಾರನಿಗೆ ಕೆಲವು ವಿಚಿತ್ರ ಪಟ್ಟುಗಳಿದ್ದವು. ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದು ಕಬ್ಬು ಮುಟ್ಟುತ್ತಿರಲಿಲ್ಲ. ಗಾಡಿ ಹೊಡೆಯುತ್ತಿರಲಿಲ್ಲ. ಯಾರ ಕಾರಿನಲ್ಲಿ ಹೋದರೂ ಎಡಗಡೆಯ ಮುಂದಿನ ಸೀಟೇ ಬೇಕು, ಅದರ ಗಾಜು ಪೂರ್ತಿ ಏರಿರಬೇಕು. ಎಸಿ ಕೆಟ್ಟುಹೋಗಿ ಒಳಗೆ ಒಲೆಯಾಗಿದ್ದರೂ ಸರಿಯೇ. "ಕಾಕಾ, ಬೇಯಾಕತ್ತೇವಿ" ಅಂದರೆ "ಬೇಯ್ರಿ. ಬೆಂದದ್ದಕ್ಕ ರುಚಿ ಹೆಚ್ಚ" ಅನ್ನುವರು.

ಬಜಾರದ ಹಿರಿಯರು ಬೇರೆ ಮಾತು ಹೇಳುತ್ತಿದ್ದರು. "ನಿಮ್ಮ ಕಾಕಾನ ಹಂಗ ಗಾಡಿ ಹೊಡ್ಯಾಂವ ಈ ಸುತ್ತಿನ್ಯಾಗ ಹುಟ್ಟಿಲ್ಲ ನೋಡವಾ" ಅನ್ನುವರು. ಮತ್ತೆ ಯಾಕೆ ಬಿಟ್ಟರು ಅಂದರೆ ಎಲ್ಲರಿಗೂ ಅದೇ ಗಳಿಗೆಗೆ ಏನೋ ಕೆಲಸ ನೆನಪಾಗುತ್ತಿತ್ತು. ಅವ್ವ ಒಂದೇ ಸಲ, ಅದೂ ದನಿ ತಗ್ಗಿಸಿ ಹೇಳಿದ್ದಳು: "ಅವರ ದೋಸ್ತ ಒಬ್ಬಾಂವ ಕೌಜಲಗಿ ಹಾದ್ಯಾಗ ತೀರಿಕೊಂಡ. ಅವರ ಮುಂದ ಕೇಳಬ್ಯಾಡ." ನಾನು ಕೇಳಲಿಲ್ಲ.

ನಾನು ಗೋಕಾಕದಲ್ಲಿ ಹಲ್ಲಿನ ದವಾಖಾನೆ ಇಟ್ಟೆ. ಕಬ್ಬು, ಬೆಲ್ಲದ ಸೀಮೆಯಲ್ಲಿ ಹಲ್ಲಿನ ಡಾಕ್ಟರಿಗೆ ಬರಗಾಲವಿಲ್ಲ. ಚಿಕ್ಕಂದಿನ ಆಸೆಯೊಂದಿತ್ತು, ತಡೆಯಲಾಗದೆ ಕೊಲ್ಲಾಪುರದಿಂದ ಕೆಂಪು ಬಣ್ಣದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದೆ. ಅಪ್ಪ ಎರಡು ದಿನ ಮಾತು ಬಿಟ್ಟರು. ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಗಾಡಿ, ಮೂಡಲಗಿಯಿಂದ ಗೋಕಾಕ ಮುಟ್ಟುವಷ್ಟರಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಒಮ್ಮೆ ಗೋಳಾಡುತ್ತಿತ್ತು. "ಡಾಕ್ಟರ ಬಾಯಾರ, ಇದರಾಗ ಕುಂದರತಾರೋ ಮಲಗತಾರೋ?" ಅಂತ ಚಹದಂಗಡಿಯವರು ಕೇಳುತ್ತಿದ್ದರು. ಕಾಕಾ ಮಾತ್ರ ಏನೂ ಅನ್ನದೆ ಗಾಡಿಯ ಸುತ್ತ ಬಂದರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಅದರ ಬಿಸಿ ಆರುವ ತನಕ ನಿಂತರು. ಆಮೇಲೆ ಎಡಗಡೆ ಕೂತು ಗಾಜು ಏರಿಸಿದರು. "ಚಲೋ ಐತಿ. ಆದ್ರ ಇದಕ್ಕ ನಮ್ಮ ಹಾದಿ ಸಣ್ಣದು."

ಆ ಮಾತು ನನಗೂ ಗೊತ್ತಿತ್ತು. ಗಾಡಿ ಕೈಗೆ ಬಂದ ಮೇಲೆ ಅದರ ಪೂರ್ತಿ ದಮ್ಮು ನೋಡಬೇಕು ಅನ್ನುವ ಹುಚ್ಚು ಯಾರಿಗೆ ಬರುವುದಿಲ್ಲ? ಹುಕ್ಕೇರಿ ಕಡೆಯ ಹೆದ್ದಾರಿಯಲ್ಲಿ ಇಂಥ ಕಾರಿನವರು ಕೆಲವರು ಭಾನುವಾರ ಬೆಳಿಗ್ಗೆ ಸೇರುತ್ತಿದ್ದರು. ಒಂದು ಧಾಬಾದಲ್ಲಿ ಚಹ, ಆಮೇಲೆ ಯಾರ ಗಾಡಿ ಮುಂದೆ ಅನ್ನುವ ಪಂದ್ಯ. ನನಗೂ ಕರೆ ಬಂತು. ಹೊರಟು ನಿಂತಾಗ ಕಾಕಾ ಕೇಳದೆಯೇ ಎಡಗಡೆ ಕೂತರು.

ಧಾಬಾದ ಮುಂದೆ ಕೂತಿದ್ದಾಗ ಎರಡು ಗಾಡಿಗಳು ಜೋಡಿಯಾಗಿ ಬಂದವು. ಒಂದರ ಎಡಗಡೆಯ ಕಿಟಕಿಯಿಂದ ಒಬ್ಬಾತ ಸೊಂಟದ ತನಕ ಹೊರಗೆ ಬಂದು, ಪಕ್ಕದ ಗಾಡಿಯನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಎಲ್ಲರೂ ಸಿಳ್ಳೆ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದರೆ ಕಾಕಾ ಕುರ್ಚಿಯಲ್ಲಿ ಇರಲಿಲ್ಲ. ನನ್ನ ಕಾರಿನ ಬಾಗಿಲಿಗೆ ಆತುಕೊಂಡು ನಿಂತಿದ್ದರು. ಕೈಯಲ್ಲಿದ್ದ ಚಹ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತ್ತು.

"ಮನಿಗಿ ಹೋಗೂನು" ಅಂದರು. ದಾರಿಯುದ್ದಕ್ಕೂ ಅವರ ಬಲಗಾಲು ಮ್ಯಾಟನ್ನು ಒತ್ತುತ್ತಲೇ ಇತ್ತು. ಗೋಕಾಕ ದಾಟಿದ ಮೇಲೆ ಬಾಯಿ ಬಿಟ್ಟರು. "ಓಡಸಬ್ಯಾಡ ಅಂತ ನಾ ಅನ್ನಾಂವಲ್ಲ. ಅನ್ನಾಕ ನನಗ ಮಾರಿ ಇಲ್ಲ. ಓಡಸಾಕಂತ ಮಾಡಿದ ಜಾಗಾದಾಗ ಓಡಸು. ನಾ ಹುಡುಕತೇನಿ."

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ಟ್ರ್ಯಾಕ್ ಹುಡುಕುವ ಸಂಭ್ರಮ. ಹೊಸಬರಿಗೆ ಅಂತ ರೇಸ್ ಟ್ರ್ಯಾಕುಗಳಲ್ಲಿ ಒಂದೊಂದು ದಿನ ಬಿಟ್ಟುಕೊಡುತ್ತಾರೆ, ಸ್ವಂತ ಗಾಡಿ ಒಯ್ದು ಓಡಿಸಬಹುದು, ಇಷ್ಟು ನನಗೆ ಗೊತ್ತಿತ್ತು. ಮಗಳಿಗೆ ಗಂಡು ನೋಡುವವರೂ ಅಷ್ಟು ವಿಚಾರಿಸಲಿಕ್ಕಿಲ್ಲ, ಕಾಕಾ ಅಷ್ಟು ವಿಚಾರಿಸಿದರು. ಅಂಗಡಿಯಲ್ಲಿ ಕೂತು, ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಊರೂರಿಗೆ ಫೋನು. ಪುಣೆ ಕಡೆಯವರು ಬರೀ ನೆಟ್ಟಗಿನ ದಾರಿಯಲ್ಲಿ ವೇಗದ ಪಂದ್ಯ ಇಡುತ್ತಿದ್ದರು. "ಅದ ಹುಕ್ಕೇರಿ ಹೈವೇನ, ಬೇಲಿ ಹಾಕ್ಯಾರ ಅಷ್ಟ" ಅಂತ ಬಿಟ್ಟರು. ಚೆನ್ನೈ ಕಡೆ ಹೊಸಬರು, ಪಳಗಿದವರು ಎಲ್ಲರನ್ನೂ ಒಟ್ಟಿಗೆ ಬಿಡುತ್ತಿದ್ದರು, ಪ್ರತಿ ಸುತ್ತಿನ ವೇಗವನ್ನು ಫಲಕದಲ್ಲಿ ಹಾಕುತ್ತಿದ್ದರು. ನನಗೆ ಅದೇ ಮನಸ್ಸಿಗೆ ಬಂದಿತ್ತು. ಕಾಕಾ ತಲೆ ಅಲ್ಲಾಡಿಸಿದರು. "ಬೋರ್ಡ್ ಮ್ಯಾಲ ಹೆಸರ ಕಂಡ್ರ ನೀ ಹಾದಿ ನೋಡೂದಿಲ್ಲ, ಬೋರ್ಡ್ ನೋಡತಿ." ಈ ಮಾತಿಗೆ ನನಗೆ ಸಿಟ್ಟು ಬಂತು, ಖರೆ ಇತ್ತು ಅಂತಲೇ ಬಂತು. ಕೊನೆಗೆ ಕೊಯಮತ್ತೂರಿನ ಕಡೆ ಒಂದು ಸಿಕ್ಕಿತು. ಹೊಸಬರಷ್ಟೇ, ಕೆಲವೇ ಗಾಡಿಗಳು, ಬೆಳಿಗ್ಗೆ ಪಾಠ, ವೇಗ ಬರೆಯುವುದಿಲ್ಲ, ಮುಂದಿನವನು ಕೈ ಮಾಡದೆ ಹಿಂದಿನವನು ದಾಟುವಂತಿಲ್ಲ. ಅಷ್ಟಾದರೂ ಕಾಕಾಗೆ ಎರಡು ಪ್ರಶ್ನೆ ಉಳಿದಿದ್ದವು. ಒಂದು, ಸಂಜೆ ಊಟ ಹೊತ್ತು ಮುಳುಗುವುದರೊಳಗೆ ಆಗುತ್ತದೋ. ಇನ್ನೊಂದು, ಓಡಿಸುವಾಗ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ. ಕಲಿಸುವವರೇ ಕೂರುತ್ತಾರೆ ಅಂದಾಗ ಫೋನಿಟ್ಟು ಒಂದು ಅಡಿಕೆ ಬಾಯಿಗೆ ಹಾಕಿಕೊಂಡರು. "ಇದ ಆತು."

ನಾನು ಅಷ್ಟರಲ್ಲಿ ಹೆಲ್ಮೆಟ್ ತರಿಸಿಯಾಗಿತ್ತು. "ಕೂಸ ಹುಟ್ಟೂಕಿಂತ ಮದಲ ಕುಂಚಿಗಿ" ಅಂತ ಅದನ್ನು ತಮ್ಮ ತಲೆಗೇ ಹಾಕಿಕೊಂಡು ಅಂಗಡಿಯಲ್ಲೆಲ್ಲ ಓಡಾಡಿದರು.

ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಮೊದಲ ಸುತ್ತು ನಿಧಾನದ್ದು. ಮುಂದೆ ಅವರ ಗಾಡಿ, ಹಿಂದೆ ನಾವು, ದಾರಿಯ ಪರಿಚಯಕ್ಕಷ್ಟೇ. ಆ ಸುತ್ತಿಗೆ ಮನೆಯವರೊಬ್ಬರು ಜೊತೆಗೆ ಕೂರಬಹುದಿತ್ತು. ಕಾಕಾ ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು ಕೂತರು. ಅಷ್ಟರಲ್ಲಿ ಗಾಡಿ ಪರೀಕ್ಷೆ ಮಾಡುವಾತ ಬಂದು ಎರಡೂ ಕಡೆಯ ಗಾಜು ಪೂರ್ತಿ ಇಳಿಸಿ ಅಂದ. ಟ್ರ್ಯಾಕಿನ ನಿಯಮವಂತೆ ಅದು, ಏನಾದರೂ ಆದರೆ ಹೊರಗಿನವರ ಕೈ ಒಳಗೆ ಬರಬೇಕಲ್ಲ. ಇಷ್ಟೆಲ್ಲ ಕೇಳಿದ್ದ ಕಾಕಾ ಇದೊಂದನ್ನು ಕೇಳಿರಲಿಲ್ಲ.

"ಕಾಕಾ, ನೀವು ಇಳೀರಿ. ಅಲ್ಲಿ ನೆರಳಿಗೆ ಕುಂದರ್ರಿ" ಅಂದೆ. ಅವರು ಇಳಿಯಲಿಲ್ಲ. ನಮ್ಮ ಮುಂದೆ ಇನ್ನೂ ಗಾಡಿಗಳಿದ್ದವು. ಆ ಸಾಲಿನಲ್ಲಿ ನಿಂತಲ್ಲೇ, ಮುಂದಿನ ಗಾಜನ್ನೇ ನೋಡುತ್ತ ಹೇಳಿದರು.

ನಮ್ಮ ಕಡೆ ಕಬ್ಬು ಕಡಿಯುವ ಸೀಜನ್ನಿನಲ್ಲಿ ಟ್ರಾಲಿ ಕಂಡರೆ ಓಡುತ್ತ ಹೋಗಿ ಒಂದು ಗಳ ಎಳೆದುಕೊಳ್ಳುವುದು ಎಲ್ಲರೂ ಮಾಡುವ ಆಟ. ಅದನ್ನು ಯಾರೂ ಕಳವು ಅನ್ನುವುದಿಲ್ಲ, ಟ್ರ್ಯಾಕ್ಟರಿನವನೂ ತಿರುಗಿ ನೋಡಿ ನಗುತ್ತಾನೆ. ಕಾಕಾ ಮತ್ತು ಅವರ ದೋಸ್ತ ಆ ಆಟವನ್ನು ಕಾರಿನಿಂದ ಆಡುತ್ತಿದ್ದರು. ಟ್ರಾಲಿಯ ಬಲಕ್ಕೆ ಸರಿಯಾಗಿ ಅದರದೇ ವೇಗದಲ್ಲಿ ಕಾಕಾ ಗಾಡಿ ಹಿಡಿಯುವುದು, ದೋಸ್ತ ಎಡಗಡೆಯ ಕಿಟಕಿಯಿಂದ ಬಾಗಿ ಕಬ್ಬು ಎಳೆಯುವುದು. ಇದಕ್ಕೆ ಇಬ್ಬರಿಗೂ ಊರಲ್ಲಿ ದೊಡ್ಡ ಹೆಸರು.

"ಆವತ್ತ ಗಳಾ ಸರಪಳ್ಯಾಗ ಸಿಕ್ಕಿತ್ತು, ಬರವಲ್ದು. ಅಂವ ಸಾಕ ಅಂದ. ನಾನ ಒದರಿದ್ನಿ, ಎಳಿ, ಬಿಡಬ್ಯಾಡ ಎಳಿ ಅಂತ. ಎದರಿಗೆ ಬಸ್ ಬಂತು. ನಾ ಎಡಕ್ಕ ಒತ್ತಿದ್ನಿ." ಹೆಲ್ಮೆಟ್ಟಿನೊಳಗಿಂದ ದನಿ ದೂರದಿಂದ ಬಂದಂತಿತ್ತು. "ಎಡಕ್ಕ ಅಂವ ಇದ್ದ. ಬ್ರೇಕ್ ನನ್ನ ಕಾಲಬುಡಕ ಇತ್ತು ಯವ್ವಾ. ನನಗ ನೆನಪ ಆಗಲಿಲ್ಲ."

ಅಷ್ಟು ವರ್ಷ ಅವರು ಕೂತದ್ದು ಯಾರ ಸೀಟಿನಲ್ಲಿ, ಒತ್ತಿದ್ದು ಯಾವ ಬ್ರೇಕು ಅಂತ ಆಗ ತಿಳಿಯಿತು. ಮುಂದಿನ ಗಾಡಿ ಕದಲಿತು. ಕಾಕಾ ತಾವೇ ಗುಂಡಿ ಒತ್ತಿ ಗಾಜು ಇಳಿಸಿದರು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಿಗಿಯಾಗಿ ಕೂತರು. ಸುತ್ತು ಮುಗಿಯುವ ತನಕ ಕತ್ತು ತಿರುಗಿಸಲಿಲ್ಲ. ಕೊನೆಯ ತಿರುವಿನಲ್ಲಿ ಮಾತ್ರ ನಿಧಾನಕ್ಕೆ ಎಡಕ್ಕೆ ನೋಡಿದರು. ಅಗಲವಾದ ಹುಲ್ಲು, ಅದರಾಚೆ ಬೇಲಿ, ಅಷ್ಟೇ.

"ಬಾಜೂಕ ಏನೂ ಇಲ್ಲ ಇಲ್ಲಿ" ಅಂದರು. ಗಾಡಿ ನಿಂತ ಮೇಲೆ, "ಇಂಥಾ ಜಾಗಾ ಇರತೈತಿ ಅಂತ ನಮಗ ಯಾರೂ ಹೇಳಲಿಲ್ಲ ನೋಡು" ಅಂದರು. ಹೆಲ್ಮೆಟ್ ತೆಗೆಯುವಾಗ ಮುಖವೆಲ್ಲ ಒದ್ದೆಯಾಗಿತ್ತು. ಬೆವರು ಅಂದರು, ನಾನೂ ಹೂಂ ಅಂದೆ.

ಆಮೇಲೆ ಅವರ ಜಾಗದಲ್ಲಿ ಕಲಿಸುವಾತ ಬಂದು ಕೂತ. ದಿನವೆಲ್ಲ ಓಡಿಸಿದೆ. ಗಾಡಿಯ ದಮ್ಮೂ ನೋಡಿದೆ, ನನ್ನದೂ ನೋಡಿದೆ. ಸ್ಟೇರಿಂಗ್ ತಿರುಗಿಸುವ ರೀತಿಗೆ ಸಿಕ್ಕಾಪಟ್ಟೆ ಬೈಸಿಕೊಂಡೆ. ಆದರೆ ಸಂಜೆ ಆತ, "ಬ್ರೇಕ್ ಮಾತ್ರ ಸರಿಯಾದ ಕಡೆ ಒತ್ತುತ್ತೀರಿ. ಯಾರು ಕಲಿಸಿದ್ದು?" ಅಂತ ಕೇಳಿದ. ಬೇಲಿಯಾಚೆ ಕಾಕಾ ಡಬ್ಬಿ ಬಿಚ್ಚಿ, ಸೂರ್ಯನನ್ನು ನೋಡಿಕೊಳ್ಳುತ್ತ ಗಡಿಬಿಡಿಯಲ್ಲಿ ಚಪಾತಿ ತಿನ್ನುತ್ತಿದ್ದರು. ಅವರ ಕಡೆ ಕೈ ತೋರಿಸಿದೆ.

ಹುಕ್ಕೇರಿ ಹೆದ್ದಾರಿಯ ಭಾನುವಾರಕ್ಕೆ ಮತ್ತೆ ನಾನು ಹೋಗಲಿಲ್ಲ. ಕಾಕಾ ಬದಲಾದರು ಅಂದುಕೊಂಡರೆ ಅದು ಸುಳ್ಳು. ಟ್ರ್ಯಾಕಿನ ಗೇಟು ದಾಟುತ್ತಲೇ ಗಾಜು ಏರಿತ್ತು. ಊರಿಗೆ ಬಂದ ಮೇಲೆ ಕಬ್ಬಿನ ಟ್ರಾಲಿ ಕಂಡಾಗಲೆಲ್ಲ ಅವರ ಕಾಲು ಮ್ಯಾಟನ್ನು ಒತ್ತುತ್ತಿತ್ತು, ನನ್ನ ಕಾಲು ಬ್ರೇಕನ್ನು ಒತ್ತುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋಗುವರು.

ಹೋದ ಸೀಜನ್ನಿನಲ್ಲಿ ಕಾಕಾನ ಎದೆ ಕೈಕೊಟ್ಟಿತು. ಊರಿನ ಡಾಕ್ಟರು ಗೋಕಾಕಕ್ಕೆ ಒಯ್ಯಿರಿ ಅಂದರು. ಅಪ್ಪ ದೊಡ್ಡ ಗಾಡಿ ತೆಗೆದರೆ ಕಾಕಾ ಒಪ್ಪಲಿಲ್ಲ, "ಅಕಿ ಗಾಡ್ಯಾಗ ಬರ್ತೇನಿ" ಅಂತ ಹಟ ಹಿಡಿದರು. ಅಪ್ಪ, ಅವ್ವ ಆ ದೊಡ್ಡ ಗಾಡಿಯಲ್ಲಿ ನಮ್ಮ ಹಿಂದೆ ಬಂದರು. ಊರು ದಾಟುತ್ತಲೇ ಮುಂದೆ ಎರಡು ಟ್ರಾಲಿಯ ಕಬ್ಬು. ನನಗೆ ಜೀವ ಕೈಯಲ್ಲಿ ಹಿಡಿದಂತಾಗಿತ್ತು, ದಾಟಲೆಂದು ಬಲಕ್ಕೆ ಸರಿದೆ. ಮ್ಯಾಟಿನ ಮೇಲೆ ಕಾಲು ಸದ್ದು ಮಾಡಿತು. ಮತ್ತೆ ಹಿಂದೆ ಬಂದೆ.

"ಇರ್ಲಿ, ಹಿಂದ ಇರ್ಲಿ" ಅಂದರು. ಟ್ರಾಲಿಯಿಂದ ಗರಿಗಳು ಹಾರಿ ಬಂದು ಗಾಜಿಗೆ ಬಡಿಯುತ್ತಿದ್ದವು. ಅವರು ಎಡಗಡೆಯ ಕಿಟಕಿಯನ್ನೇ ನೋಡುತ್ತಿದ್ದರು, ಮಾತಾಡಿಸಬೇಕಾದವರು ಅಲ್ಲಿ ನಿಂತಿದ್ದಾರೆ ಅನ್ನುವ ಹಾಗೆ.

"ಗ್ಲಾಸ್ ಇಳಸ ಯವ್ವಾ" ಅಂದರು.

"ಧೂಳ ಬರತೈತಿ ಕಾಕಾ."

"ಬರ್ಲಿ. ಅಂವ ಹೊರಗ ಅದಾನ. ಇಷ್ಟ ವರ್ಷ ಹೊರಗ ನಿಂದ್ರಿಸೇನಿ."

ಕಡೆಗೂ ಗುಂಡಿ ಒತ್ತಿದೆ, ಗಾಜು ಇಳಿಯಿತು. ಧೂಳಿನ ಜೊತೆ ಹಸಿ ಕಬ್ಬಿನ ಸಿಹಿ ವಾಸನೆ ಒಳಗೆ ತುಂಬಿತು. ಕಾಕಾ ಉಸಿರು ಎಳೆದುಕೊಂಡರು, ಎಡಗಡೆಯ ಬಾಗಿಲಿನಿಂದ ಸ್ವಲ್ಪ ಈಚೆ ಸರಿದು ಕೂತರು. ನಾನು ಅವರ ಕಾಲು ನೋಡಿದೆ. ಮ್ಯಾಟಿನ ಮೇಲೆ ಸುಮ್ಮನೆ ಇತ್ತು. ಗೋಕಾಕ ಬರುವ ತನಕ ಅದು ಒಮ್ಮೆಯೂ ಒತ್ತಲಿಲ್ಲ.

ಅವತ್ತೇ ಸಂಜೆ ಹೋದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಊಟದ ಹೊತ್ತು ತಪ್ಪಿಸಿದ್ದು ಅದೊಂದೇ ದಿನ.

ಈಗ ಮತ್ತೆ ಸೀಜನ್ ಶುರುವಾಗಿದೆ. ದವಾಖಾನೆಗೆ ಒಬ್ಬಳೇ ಹೋಗಿ ಬರುತ್ತೇನೆ. ಟ್ರಾಲಿ ಕಂಡರೆ ಹಿಂದೆಯೇ ಉಳಿಯುತ್ತೇನೆ, ಎಡಗಡೆಯ ಗಾಜಿನ ಗುಂಡಿಯ ಮೇಲೆ ಕೈ ತಾನಾಗಿ ಹೋಗುತ್ತದೆ. ಧೂಳು ಬರುತ್ತದೆ, ಕಬ್ಬಿನ ಗರಿ ಬಂದು ಖಾಲಿ ಸೀಟಿನ ಮೇಲೆ ಬೀಳುತ್ತದೆ. ಆದರೂ ಇಳಿಸಿಯೇ ಇಡುತ್ತೇನೆ. ಏರಿಸಿದರೆ ಈಗ ಹೊರಗೆ ಉಳಿಯುವವರು ಇಬ್ಬರು.