ಬಿಗಿ ನೋಡುವ ಬೆರಳುಗಳು

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ನೇಕಾರ ಮಗ್ಗಕ್ಕೆ ಕೂರುವ ಮೊದಲು ಹಾಸಿನ ಎಳೆಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಬಿಗಿಯಿದ್ದರೇ ಸೀರೆ ನೆಟ್ಟಗೆ ಬರುವುದು. ಆಮೇಲೆ ಅದೇ ಬೆರಳಿನಿಂದ ಮಗಳ ಬಲಪಕ್ಕೆಯ ಕೆಳಗೆ, ಲಿವರ್ ಇರುವಲ್ಲಿ, ಒತ್ತುತ್ತಿದ್ದ. ಹುಟ್ಟುವಾಗಲೇ ಪಿತ್ತನಾಳ ಮುಚ್ಚಿದ್ದ ಹುಡುಗಿ ಅದು. ಕೂಸಿದ್ದಾಗಲೇ ಆಪರೇಷನ್ ಆಗಿತ್ತು.

“ಬಿಗಿ ಆಗಾಕತ್ತೇತ್ರಿ ಸರ, ಚಲೋ ಆತು,” ಅನ್ನುತ್ತಿದ್ದ. ಹೀಗೇ ಅನ್ನುತ್ತಿದ್ದನೋ, ನನ್ನ ನೆನಪು ಆಮೇಲೆ ಹೊಂದಿಸಿಕೊಂಡಿತೋ, ಖಾತ್ರಿಯಿಲ್ಲ. ಅವನು ನಗುತ್ತಿದ್ದುದು ಮಾತ್ರ ಖರೆ.

ಎರಡು ಸಾವಿರದ ಇಸವಿಯ ಆಚೆ ಯಾವುದೋ ವರ್ಷ, ಬಾಗಲಕೋಟೆಯ ದವಾಖಾನೆಗೆ ನಾನೂ ಜೊತೆಗೆ ಹೋಗಿದ್ದೆ. “ಲಿವರಿಗೆ ಸೂಜಿ ಚುಚ್ಚಿ ನೋಡೂದು ಬ್ಯಾಡ. ಸ್ಕ್ಯಾನಿನಾಗ, ರಕ್ತದಾಗ ಗೊತ್ತಾಗ್ತೈತಿ,” ಎಂದರು ಡಾಕ್ಟರು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಹುಡುಗಿ ಕಿಲಕಿಲ ನಕ್ಕಳು.

ಎಲ್ಲ ನೋಡಿದ ಮೇಲೆ ಡಾಕ್ಟರು ಹೇಳಿದರು: “ಲಿವರ್ ಕಲೆಗಟ್ಟಿ ಬಿರುಸಾಗೇತಿ. ಅದು ಮೆತ್ತಗಿರಬೇಕಿತ್ತು.”

“ಮೆತ್ತಗ?” ಎಂದ ಅವನು. “ಬಿಗಿ ಆತಂತ ನಾ ಓಣಿಗೆಲ್ಲಾ ಸಕ್ರಿ ಹಂಚೇನಲ್ರಿ.”

ಹಿಂದಿರುಗುವ ಬಸ್ಸಿನಲ್ಲಿ ಹುಡುಗಿ ಅವನಿಗೊರಗಿ ನಿದ್ದೆಹೋದಳು. ಹುನಗುಂದ ದಾಟಿದರೂ ಅವನು ಎರಡೂ ಕೈಯಿಂದ ಮುಂದಿನ ಸೀಟಿನ ಸರಳನ್ನೇ ಹಿಡಿದು ಕೂತಿದ್ದ. ಅವಳ ತಲೆ ಜಾರುತ್ತಿತ್ತು. ಕೊನೆಗೆ ನಾನೇ ಹಿಡಿದುಕೊಂಡೆ.