ಹಾಲು ಉಕ್ಕಲು ಬಿಡದ ಮುನೀಂದ್ರ

ಮುನೀಂದ್ರ ಹಾಲು ಕಾಯಿಸುವುದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ. ಬುದ್ಧಿ ನಿಧಾನ ಎಂಬ ಒಂದೇ ನೆಪಕ್ಕೆ ಮನೆಯವರು ಅವನನ್ನು ಒಲೆಯ ಹತ್ತಿರ ಸೇರಿಸಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ದೊಡ್ಡನೆಕ್ಕುಂದಿಯ ಅಣ್ಣನ ಮನೆಯಲ್ಲಿ ಟಿವಿ ಮುಂದೆ ಕೂತು ಕೂತು ಅವನೂ ಮನೆಯ ಸಾಮಾನುಗಳಲ್ಲಿ ಒಂದಾಗಿದ್ದ. ಕೊನೆಗೆ ಅವನಂಥವರಿಗಾಗಿಯೇ ಇದ್ದ ತರಬೇತಿ ಕೇಂದ್ರ ಸೇರಿದ. ಅಲ್ಲಿನ ಶೋಭಾರಾಣಿ ಮಿಸ್ ಬಸ್ಸು ಹತ್ತುವುದು, ಬಟ್ಟೆ ಒಗೆಯುವುದು, ಗ್ಯಾಸ್ ಹಚ್ಚುವುದು ಎಲ್ಲ ಕಲಿಸಿದರು. ಹಾಲಿಗೆ ಮಾತ್ರ ಎರಡು ಕಾನೂನು. ಮೇಲೆದ್ದರೆ ಒಲೆ ಆರಿಸಬೇಕು. ಉಕ್ಕಿಸಿದವರೇ ಒರೆಸಬೇಕು.

ಇನ್ನು ಅವನೂ, ಕೇಂದ್ರದ ಗೆಳೆಯ ಬಸಲಿಂಗನೂ ಬಾಡಿಗೆ ಮನೆ ಮಾಡಿಕೊಂಡು ಬದುಕುವುದು, ಮಿಸ್ ದಿನಾ ಸಂಜೆ ಬಂದು ನೋಡಿಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ಮನೆ ಸಿಗಬೇಕಲ್ಲ! ವೈಟ್‌ಫೀಲ್ಡ್ ಕಡೆ ನಾಯಿ ಸಾಕಿದವರಿಗೆ ಮನೆ ಸಿಗುತ್ತದೆ, ಹಾವು ಸಾಕಿದವರಿಗೂ ಸಿಕ್ಕೀತು. ಇವರನ್ನು ಕಂಡರೆ ಮಾತ್ರ ಖಾಲಿ ಮನೆಗಳಿಗೆಲ್ಲ ಮಾಲೀಕರ ನೆಂಟರು ಬರುವವರಿರುತ್ತಾರೆ. ಕಾಡುಗೋಡಿಯ ಚಿಕ್ಕಮುನಿಯಮ್ಮ ಒಬ್ಬರೇ ಅರೆಮನಸ್ಸಿನಿಂದ ಹೂಂ ಅಂದದ್ದು. ರಾಗಿ ಹೊಲವಿದ್ದ ಜಾಗದಲ್ಲಿ ನಾಲ್ಕಂತಸ್ತು ಎಬ್ಬಿಸಿದ ಹೆಂಗಸು.

"ನನ್ ಮುಂದೆ ಆಲು ಕಾಯ್ಸಿ ತೋರಿಸ್ಲಿ," ಎಂದರು. "ಉಕ್ಕುದ್ರೆ ಮನೆ ಇಲ್ಲ. ಗ್ಯಾಸ್ ಬಿಟ್ಕೊಂಡು ಮನೆ ಸುಟ್ಟಾಕ್ಬುಟ್ರೆ ನಾನೇನ್ ಮಾಡ್ಲಿ?"

ಮುನೀಂದ್ರ ಕಾಯಿಸಿದ. ಹಾಲು ಎದ್ದಿತು, ಇವನು ಆರಿಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ. ಮನೆ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಮಿಸ್ ಜೊತೆ ಇಬ್ಬರೂ ಸಾಮಾನು ಸಮೇತ ಬಂದು ನೋಡಿದರೆ ಬಾಗಿಲಿಗೆ ಮಾವಿನ ತೋರಣ, ಒಳಗೊಬ್ಬ ಪುರೋಹಿತರು, ಒಲೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಪಾತ್ರೆ.

"ಆಲು ಕಾಯ್ಸಪ್ಪ," ಎಂದರು ಚಿಕ್ಕಮುನಿಯಮ್ಮ.

ಮುನೀಂದ್ರ ಪಾತ್ರೆಯನ್ನು ನೋಡಿದ. ಮತ್ತೆ ಪರೀಕ್ಷೆ! ಹಾಸಿಗೆ ಸುರುಳಿ ಇನ್ನೂ ಆಟೋದಲ್ಲೇ ಇತ್ತು. ಒಲೆ ಹಚ್ಚಿದ. ಪುರೋಹಿತರು ಮಂತ್ರ ಶುರು ಮಾಡಿದರು. ಹಾಲು ಎದ್ದಿತು, ಎಲ್ಲರೂ ಕೈ ಮುಗಿದರು, ಮುನೀಂದ್ರ ಟಕ್ಕೆಂದು ಆರಿಸಿದ.

ಮಂತ್ರ ಅರ್ಧಕ್ಕೆ ನಿಂತಿತು. "ಉಕ್ಕಬೇಕು ಕಣಪ್ಪ," ಎಂದರು ಪುರೋಹಿತರು. ಮತ್ತೆ ಹಚ್ಚಿದರು, ಮತ್ತೆ ಆರಿಸಿದ. ಪ್ರತಿ ಸಲವೂ ಬಸಲಿಂಗ ಚಪ್ಪಾಳೆ ತಟ್ಟಿದ. ಶೋಭಾರಾಣಿ ಕಿವಿಯ ಹತ್ತಿರ ಬಂದು, "ಇವತ್ತೊಂದಿನ ಉಕ್ಕಲಿ ಬಿಡು," ಎಂದಾಗ ಮುನೀಂದ್ರನಿಗೆ ಅಳುವೇ ಬಂತು. ಮಿಸ್ಸೂ ಕೈಬಿಟ್ಟರಲ್ಲ! ರಾಹುಕಾಲ ಬಂದೇಬಿಡುತ್ತದೆ ಎಂದು ಪುರೋಹಿತರು ಒಲೆಗೆ ಅಡ್ಡ ನಿಂತರು. ಮುನೀಂದ್ರ ಅವರ ಕಂಕುಳ ಕೆಳಗಿಂದ ಕೈ ತೂರಿಸಿ ಆರಿಸಿದ. ಹಾಲು ಇಷ್ಟರಲ್ಲಿ ಖೋವಾ ಆಗಲು ಹೊರಟಿತ್ತು.

"ಆಲು ಉಕ್ದೆ ಒಸ ಮನೆ ಸೇರ್ಬಾರ್ದು ಕಣಪ್ಪ," ಎಂದರು ಚಿಕ್ಕಮುನಿಯಮ್ಮ. "ಯಾಕಿಂಗಾಡ್ತೀಯ? ಮನೆ ಬ್ಯಾಡ್ವಾ ನಿಂಗೆ?"

"ಬೇಕು." ಮುನೀಂದ್ರ ಒಲೆಯ ಗುಂಡಿಯಿಂದ ಕೈ ತೆಗೆಯಲಿಲ್ಲ. "ಉಕ್ಕಿದ್ರೆ ಮನೆ ಇಲ್ಲ ಅಂತ ನೀವೇ ಹೇಳಿದ್ರಲ್ಲ ಅಜ್ಜಿ. ನಾನು ಅಣ್ಣನ ಮನೆಗೆ ವಾಪಸ್ ಹೋಗಲ್ಲ."

ಚಿಕ್ಕಮುನಿಯಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು.

"ತಗೋ. ಉಕ್ಕುದ್ರೂ ಮನೆ ನಿಂದೇ."

ಮುನೀಂದ್ರ ಅದನ್ನು ಜೇಬಿಗಿಳಿಸಿ, ಜೇಬು ತಟ್ಟಿ ನೋಡಿಕೊಂಡು ಹಿಂದೆ ಸರಿದ. "ನಾನು ಉಕ್ಕಿಸಲ್ಲ. ನೀವೇ ಹಚ್ಚಿ," ಎಂದ.

ಚಿಕ್ಕಮುನಿಯಮ್ಮ ಹಚ್ಚಿದರು. ಮುನೀಂದ್ರ ಕೈ ಹಿಂದೆ ಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತ. ಹಾಲು ಭುಸ್ಸೆಂದು ಉಕ್ಕಿ ಒಲೆ, ಕಟ್ಟೆ, ನೆಲವೆಲ್ಲ ಹರಿಯಿತು. ಪುರೋಹಿತರು ಶುಭವಾಗಲಿ ಎಂದರು.

ಮುನೀಂದ್ರ ಸಿಲಿಂಡರ್ ಬಂದ್ ಮಾಡಿ, ಒರೆಸುವ ಬಟ್ಟೆ ತಂದು ಚಿಕ್ಕಮುನಿಯಮ್ಮನ ಕೈಗೆ ಕೊಟ್ಟ.

"ಉಕ್ಕಿಸ್ದೋರೇ ಒರೆಸ್ಬೇಕು ಅಜ್ಜಿ. ನಮ್ಮನೇಲಿ ಅದೇ ಕಾನೂನು."

ನಾಲ್ಕಂತಸ್ತಿನ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಡಿಗೆದಾರ ಬೆರಳು ತೋರಿಸಿದ ಕಡೆಯೆಲ್ಲ ಒರೆಸಿದರು.