ಆರೂವರೆಯ ಮೇಲಿನ ಹಾಲು

ಭಕ್ತಿ ಎಂಬ ಆ ಹುಡುಗಿಯನ್ನು ನಾನು ಮೊದಲ ದಿನದಿಂದಲೇ ನಂಬಿರಲಿಲ್ಲ. ಹಾಗೆ ಹೇಳಲು ನನಗೆ ನಾಚಿಕೆಯೇನೂ ಇಲ್ಲ. ನಾನು ಗುರುಲಿಂಗಪ್ಪ, ನಮ್ಮೂರ ಹಾಲಿನ ಸಂಘದ ಸೆಕ್ರೆಟರಿ. ಅನುಮಾನಪಡುವುದೇ ನನ್ನ ಅರ್ಧ ಕೆಲಸ. ಯಮಕನಮರಡಿಯಿಂದ ಒಳಗೆ ಹೊರಳಿದರೆ ಸಿಗುವ ಈ ಊರಿನಲ್ಲಿ ತಕ್ಕಡಿಯ ಮುಂದೆ ನಿಂತವರು ಕಣ್ಣು ಮಿಟುಕಿಸುವುದಿಲ್ಲ. ಹೆತ್ತ ಮಗನೇ ತೂಗಿದರೂ ತೂಕ ನೋಡಿಕೊಂಡೇ ಪಾತ್ರೆ ಎತ್ತುತ್ತಾರೆ. ಮುಖ ತಿರುಗಿಸಿ ನಿಂತವನನ್ನು ಊರು ಪೆದ್ದನೆನ್ನುತ್ತದೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಜೊತೆಗೆ ಎಲೆಕ್ಟ್ರಾನಿಕ್ ತಕ್ಕಡಿ, ಹಾಲಿನ ಫ್ಯಾಟ್ ನೋಡುವ ಯಂತ್ರ. ಇವನ್ನೆಲ್ಲ ಜೋಡಿಸಲು ಗೋಕಾಕಿನ ಕಂಪ್ಯೂಟರ್ ಅಂಗಡಿಯಿಂದ ಬಂದವಳೇ ಭಕ್ತಿ. ಮೂಡಲಗಿಯ ಜೈನರ ಮನೆಯ ಹುಡುಗಿ. ತಂದೆ ವರ್ಧಮಾನ ಅವರಿಗೆ ಹೊಲ, ಎಮ್ಮೆ, ಚಿಕ್ಕ ಕಿರಾಣಿ ಅಂಗಡಿ. ಕೆಲಸಕ್ಕೆಂದು ಗೋಕಾಕಿನಲ್ಲಿ ಸೋದರತ್ತೆ ತಾರಾಬಾಯಿಯವರ ಮನೆಯಲ್ಲಿದ್ದಳು.

ತಕ್ಕಡಿ ಒಂದು ಕಂಪನಿಯದು, ಫ್ಯಾಟ್ ಯಂತ್ರ ಇನ್ನೊಂದು ಕಂಪನಿಯದು. ಎರಡರ ನಡುವೆ ಕೂತು ಅವು ಹೇಳಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸಲು ಒಂದು ಪ್ರೋಗ್ರಾಮ್ ಇತ್ತು. ಅದಕ್ಕೆ ಯಾವ ವಾಯರು ಎಲ್ಲಿಗೆ, ಯಾವ ಊರು, ಬೆಳಗ್ಗೆ ಎಷ್ಟರಿಂದ ಎಷ್ಟು, ಸಂಜೆ ಎಷ್ಟರಿಂದ ಎಷ್ಟು ಎಂದು ಒಂದೊಂದನ್ನೂ ಹೇಳಿಕೊಡಬೇಕಿತ್ತು. ಹುಕ್ಕೇರಿ ತಾಲೂಕಿನ ಊರೂರಲ್ಲಿ ಕೂತು ಅದನ್ನೆಲ್ಲ ಹೊಸದಾಗಿ ಟೈಪ್ ಮಾಡುವುದು ಆಗದ ಮಾತೆಂದು ಭಕ್ತಿ ಒಂದು ನಮೂನೆಯ ಫೈಲು ಮಾಡಿದ್ದಳು. ಎಲ್ಲ ಊರಿಗೂ ಸಮನಾದದ್ದನ್ನು ಮೊದಲೇ ತುಂಬಿ, ಊರಿಂದ ಊರಿಗೆ ಬದಲಾಗುವಲ್ಲಿ ಮಾತ್ರ ಜಾಗ ಖಾಲಿ ಬಿಟ್ಟಿದ್ದಳು. ಫ್ಲಾಪಿಯಲ್ಲಿ ತಂದು, ಖಾಲಿ ಬಿಟ್ಟದ್ದನ್ನು ತುಂಬಿದರೆ ಕೆಲಸ ಮುಗಿಯುತ್ತಿತ್ತು.

"ಮೊದಲ ತುಂಬಿದ್ದೈತೆಲ್ಲ, ಅದನ್ನ ಯಾರು ತುಂಬ್ಯಾರ?" ಎಂದು ಕೇಳಿದೆ.

"ನಾನ ತುಂಬೇನ್ರಿ ಕಾಕಾ."

"ಯಾರನ್ನ ಕೇಳಿ?"

ಅವಳು ನಕ್ಕಳು. "ಅದು ಎಲ್ಲಾ ಊರಾಗೂ ಒಂದ ಇರತೈತ್ರಿ. ಕೇಳೂದೇನೈತಿ?"

ಆ ನಗು ನನಗೆ ಹಿಡಿಸಲಿಲ್ಲ. ಇನ್ನೊಂದು ಸಂಗತಿಯೂ ಹಿಡಿಸಲಿಲ್ಲ. ಕೆಲಸ ಅರ್ಧ ಉಳಿದಿದ್ದರೂ ಮೂರು ಗಂಟೆಯ ಬಸ್ಸಿಗೆ ಚೀಲ ಹೆಗಲಿಗೇರಿಸಿ ಓಡುತ್ತಿದ್ದಳು. ಸಂಜೆ ಹಾಲು ಬರುವ ಹೊತ್ತಿಗೆ ಒಂದು ದಿನವೂ ಇದ್ದವಳಲ್ಲ. ಯಾಕೆ ಓಡುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಮೊದಲ ಬಿಲ್ಲು ಬಂದಾಗ ಗದ್ದಲವೆದ್ದಿತು. ಕೂಲಿಗೆ ಹೋಗುವ ರಾಯವ್ವ ಎರಡು ಹೊತ್ತೂ ಎಮ್ಮೆಯ ಹಾಲು ಹಾಕುವವಳು. ಅವಳ ಹೆಸರಿನಲ್ಲಿ ಸಂಜೆಯ ಹಾಲೇ ಇರಲಿಲ್ಲ. ಅವಳಂಥ ಇನ್ನೂ ಕೆಲವರದು ಅದೇ ಪಾಡು. ಕ್ಯಾನು ತುಂಬಿ ಹೋಗುತ್ತಿತ್ತು, ಹಾಲು ಹಾಕಿದವರ ಹೆಸರು ಮಾತ್ರ ಖಾಲಿ. ಹಾಗಾದರೆ ಯಾರ ಹೆಸರಿಗೆ ಹೋಯಿತು?

ತೂಗುವವನು ಕೆಂಚಪ್ಪ. ಲೀಟರಿನ ಅಳತೆಪಾತ್ರೆಯ ಕಾಲದಿಂದಲೂ ಅವನೇ. ಅವನ ಅಣ್ಣತಮ್ಮಂದಿರ ಮನೆಗಳು ಸಂಘದ ಬಾಜೂಕೇ ಇವೆ, ಅವರ ಹಾಲು ಮಾತ್ರ ಹನಿಯೂ ಕಡಿಮೆಯಾಗಿರಲಿಲ್ಲ. ಊರಿಗೆ ಅಷ್ಟು ಸಾಕಿತ್ತು. ಅವರ ಹೆಸರಿನಲ್ಲಿ ಹೆಚ್ಚಿಗೆಯೂ ಇರಲಿಲ್ಲ ನಿಜ, ಆದರೆ ಅಷ್ಟಕ್ಕೆಲ್ಲ ಅನುಮಾನ ಬಿಡುವ ಜನ ನಾವಲ್ಲ. ಕಂಪ್ಯೂಟರಿನಲ್ಲಿ ಎಲ್ಲೋ ಬಚ್ಚಿಟ್ಟಿದ್ದಾನೆ, ಆ ಹುಡುಗಿಯೂ ಶಾಮೀಲು ಎಂದರು. ನಾನೂ ಅಲ್ಲ ಎನ್ನಲಿಲ್ಲ. ಸೋಮವಾರ ಸಭೆ ಕರೆದು ಕೆಂಚಪ್ಪನನ್ನು ತೆಗೆಯುವುದೆಂದಾಯಿತು.

ಅವನು ನನ್ನ ಹತ್ತಿರ ಬಂದು ನಿಂತ. "ಕೆಲಸ ಹೋದ್ರ ಹೋಗ್ಲಿರಿ. ಹಾಲು ಕದ್ದಾವ ಅಂತ ಹೆಸರು ಹತ್ತಿದ್ರ ಈ ಊರಾಗ ಹೆಂಗ ತಿರುಗ್ಯಾಡ್ಲಿ?"

ಸಭೆಗೆ ಮೊದಲೇ ಭಕ್ತಿಯನ್ನು ಕರೆಸಿದೆ. ಸರಿಪಡಿಸಲಿ ಎಂದಲ್ಲ, ಸಿಕ್ಕಿಹಾಕಿಕೊಳ್ಳಲಿ ಎಂದು. ವಾಯರು, ತೂಕ ಎಲ್ಲ ನೋಡಿದಳು, ಯಾವುದರಲ್ಲೂ ದೋಷವಿರಲಿಲ್ಲ. ಮೂರು ಗಂಟೆಯಾಗುತ್ತಲೇ ಚೀಲಕ್ಕೆ ಕೈ ಹಾಕಿದಳು. ಆ ದಿನ ಕೂಲಿ ಬಿಟ್ಟು ಬಂದಿದ್ದ ರಾಯವ್ವ ಬಾಗಿಲಿಗೆ ಅಡ್ಡ ನಿಂತಳು.

"ನಾವು ಹಾಲ ತರೂ ಹೊತ್ತಿಗೆ ನೀ ಇರಂಗಿಲ್ಲ. ಯಾಕ ಓಡ್ತಿ?"

"ಮನಿ ಮುಟ್ಟಿ ಹೊತ್ತು ಮುಳುಗೂದರಾಗ ಉಣಬೇಕ್ರಿ. ಕತ್ತಲಾದ ಮ್ಯಾಲೆ ನಾವು ಉಣ್ಣಂಗಿಲ್ಲ."

"ಹಂಗಾರ ನಿಮ್ಮನ್ಯಾಗ ಹಾಲ ಯಾವಾಗ ಹಿಂಡ್ತೀರಿ?"

"ನಾಕಕ್ಕ."

"ನಾಕಕ್ಕ ನಾ ಇನ್ನೊಬ್ಬರ ಕಬ್ಬಿನಾಗ ಕಳೆ ತೆಗೀತಿರ್ತೇನಿ," ಎಂದು ರಾಯವ್ವ ಮೂಗು ಮುರಿದಳು. "ಮನಿಗಿ ಬಂದು, ಎಮ್ಮಿಗೆ ನೀರು ತೋರ್ಸಿ, ಹಿಂಡಿ ತರೂದರಾಗ ದೀಪ ಹಚ್ಚಿರ್ತಾರ."

ಭಕ್ತಿಯ ಮುಖ ಇಳಿಯಿತು. ಚೀಲ ಕೆಳಗಿಟ್ಟು, "ಇವತ್ತ ಇರ್ತೇನ್ರಿ," ಎಂದಳು.

ಸಂಜೆಯೆಲ್ಲ ಮೂಲೆಯಲ್ಲಿ ಕೂತು ನೋಡಿದಳು. ಬಾಜೂ ಮನೆಯವರು ಬೆಳಕಿರುವಾಗಲೇ ಹಾಕಿ ಹೋದರು. ಹೊಲದಿಂದ ಬಂದವರು ದೀಪ ಹಚ್ಚಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಭಕ್ತಿ ನಮೂನೆಯ ಫೈಲು ತೆರೆದು ನನಗೆ ತೋರಿಸಿದಳು. ಸಂಜೆಯ ಹಾಲು ನಾಲ್ಕರಿಂದ ಆರೂವರೆಯವರೆಗೆ ಎಂದು ಅದರಲ್ಲಿತ್ತು. ತಾನು ಹುಟ್ಟಿ ಬೆಳೆದ ಮನೆಯ ಸಂಜೆಯನ್ನೇ ಅವಳು ಎಲ್ಲ ಊರಿಗೂ ತುಂಬಿಟ್ಟಿದ್ದಳು. ಆರೂವರೆಯ ನಂತರ ತೂಗಿದ್ದನ್ನು ಕಂಪ್ಯೂಟರು ಮರುದಿನ ಬೆಳಗಿನ ಹಾಲೆಂದು ಬರೆದುಕೊಳ್ಳುತ್ತಿತ್ತು. ಬೆಳಗ್ಗೆ ಅದೇ ಮನೆಯವರು ಮತ್ತೆ ಹಾಲು ತಂದಾಗ ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುತ್ತಿತ್ತು.

ನಾನು ನಂಬಲಿಲ್ಲ. ರಾತ್ರಿ ಯಾರೂ ಅಂಕಿ ತಿದ್ದದಿರಲೆಂದು ಕಂಪ್ಯೂಟರಿನ ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ನಮ್ಮ ಮನೆಯಲ್ಲೇ ಉಳಿದ ಭಕ್ತಿ ನೀರನ್ನೂ ಮುಟ್ಟಲಿಲ್ಲ.

ಬೆಳಗ್ಗೆ ಸಂಘದ ಮುಂದೆ ಎಲ್ಲರೂ ನೆರೆದಾಗ ಅವಳು ಹೇಳಿದಳು: "ತಪ್ಪು ಕೆಂಚಪ್ಪಣ್ಣಂದಲ್ರಿ. ನಂದು. ನಿಮ್ಮನ್ನ ಕೇಳದ ವ್ಯಾಳ್ಯಾ ತುಂಬೇನಿ."

"ಅವನ್ನ ಉಳಿಸಾಕ ಸುಳ್ಳ ಹೇಳಾಕತ್ತಾಳ," ಎಂದ ಹಿಂದಿನಿಂದ ಲಗಮಪ್ಪ. ಅವನ ಹಾಲೂ ಹೋಗಿತ್ತು.

ಭಕ್ತಿ ರಾಯವ್ವನನ್ನು ಪರದೆಯ ಮುಂದೆ ಕರೆದಳು. ನಿನ್ನೆ ಸಂಜೆಯ ಹಾಲು ಇವತ್ತಿನ ಬೆಳಗಿನ ಸಾಲಿನಲ್ಲಿ ಕೂತಿತ್ತು. ಕೆಂಚಪ್ಪ ಅವಳ ಈಗಿನ ಹಾಲು ತೂಗಿದ. ಎಲ್ಲರ ಕಣ್ಣೆದುರೇ ಹಳೆಯ ಅಂಕಿ ಹೋಗಿ ಹೊಸದು ಬಂತು. ಕೆಂಚಪ್ಪ ಹೆಗಲ ಮೇಲಿನ ಟಾವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಸೋಮವಾರದ ಸಭೆ ನಡೆಯಲಿಲ್ಲ.

ಭಕ್ತಿ ನಮೂನೆಯಲ್ಲಿ ಸಂಜೆಯ ವೇಳೆಯನ್ನು ಅಳಿಸಿ ಖಾಲಿ ಬಿಟ್ಟಳು. ಅದರ ಮೇಲೆ, "ಊರವರನ್ನು ಕೇಳಿ, ಒಂದು ಸಂಜೆ ಕೂತು ನೋಡಿ ತುಂಬಿರಿ" ಎಂದು ಬರೆದಳು. ತಾನೂ ಹಾಗೇ ಮಾಡಿದಳು. ಹೋದ ಊರಲ್ಲೆಲ್ಲ ಒಂದು ಸಂಜೆ ಉಪವಾಸ ಕೂರುತ್ತಿದ್ದಳಂತೆ.

ಮಳೆಗಾಲ ಕಳೆದ ಮೇಲೆ ಫ್ಯಾಟ್ ಯಂತ್ರ ಬದಲಿಸಲು ಮತ್ತೆ ನಮ್ಮೂರಿಗೆ ಬಂದಳು. ರಾಯವ್ವ ಆ ದಿನ ಕೂಲಿಯಿಂದ ಬೇಗ ಬಂದು, ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಸಂಘಕ್ಕೆ ಬಂದಳು.

"ಹೊತ್ತಿನ್ನೂ ಮುಳುಗಿಲ್ಲ, ಉಣ್ಣವಾ. ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಹಾಕಿಲ್ಲ."

ಭಕ್ತಿ ಅಲ್ಲೇ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿದಳು. ರಾಯವ್ವ ಕ್ಯಾನನ್ನು ಕೆಂಚಪ್ಪನ ಕೈಗಿತ್ತು, ತಕ್ಕಡಿಗೆ ಬೆನ್ನು ಮಾಡಿ, ಹುಡುಗಿ ಉಣ್ಣುವುದನ್ನೇ ನೋಡುತ್ತ ನಿಂತಳು.

"ರಾಯವ್ವಾ, ತೂಕ ನೋಡವಾ," ಎಂದ ಕೆಂಚಪ್ಪ.

"ನೀ ನೋಡೀಯಲ್ಲ, ಸಾಕು."

ನಾನು ಮಾತ್ರ ಬಗ್ಗಿ ನೋಡಿದೆ. ತೂಕ ಸರಿಯಾಗಿಯೇ ಇತ್ತು.